ಮುಂದೆ ಕೂತವನು

ಆವನಿ
8-12-2024, ಭಾನುವಾರ

ಚಿ. ಸೌ. ಭಾರತಮ್ಮನಿಗೆ,

ನಿನ್ನ ಅಣ್ಣ ಮಾಡುವ ಆಶೀರ್ವಾದಗಳು. ಇಲ್ಲಿ ನಾನೊಬ್ಬನೇ ಕ್ಷೇಮ. ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಗೌರಿಹಬ್ಬದಲ್ಲಿ ನೀನು ಬರೆದ ಕಾಗದಕ್ಕೆ ಮೂರು ತಿಂಗಳ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಸರಪಡಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಉಪದೇಶ ಶುರು ಮಾಡುತ್ತೇನೆ, ನೀನು "ಹೂಂ ಅಣ್ಣ" ಎನ್ನುತ್ತೀಯ, ಅಲ್ಲಿಗೆ ಮುಗಿಯುತ್ತದೆ.

ರಾಗಿ ಕಟಾವು ಆಯಿತು. ಅವರೆಗೆ ಈಗಷ್ಟೇ ಸೊಗಡು ಬರುತ್ತಿದೆ, ಕಳಿಸುತ್ತೇನೆ. ನಿನ್ನ ಅತ್ತಿಗೆ ತೀರಿಹೋದ ಮೇಲೆ ಒಬ್ಬನಿಗೆಂದು ಸಾರು ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ. ಮೂರು ಹೊತ್ತೂ ಅದೇ ಸಾರು.

ಶನಿವಾರದ ಭಜನೆ ನಡೆದಿದೆ. ನಡೆದಿದೆ ಎಂದರೆ, ನಾನು ಹಾಡುತ್ತೇನೆ. ಹಾರ್ಮೋನಿಯಂ ನುಡಿಸುತ್ತಿದ್ದ ಭೀಮರಾಜ್ ಕೆಲಸಕ್ಕೆಂದು ನರಸಾಪುರದ ಕಂಪನಿ ಬಸ್ಸು ಹತ್ತಿದ. ಉಳಿದವರಿಗೆ ಆ ನೆಪವೂ ಇಲ್ಲ. ಯಾರು ಹಾಡಿದರೂ ತಪ್ಪು ಹಿಡಿಯುತ್ತಿದ್ದೆನಲ್ಲ, ಒಬ್ಬೊಬ್ಬರೇ ಜಾರಿಕೊಂಡರು. ನಿನ್ನೆ ಬಂದವನು ನರಸಿಂಹಪ್ಪ ಒಬ್ಬನೇ. ನನ್ನ ಜೊತೆ ಓದಿದವನು, ನಿನಗೆ ಗೊತ್ತಲ್ಲ. ಮಂಗಳಾರತಿ ಮುಗಿದ ಮೇಲೆ, "ಏಮಯ್ಯಾ ಕೋದಂಡ, ಗರ್ವ ಬಿಡ್ರಪ್ಪಾ ಗರ್ವ ಬಿಡ್ರಪ್ಪಾ ಅಂತ ನಲವತ್ ವರ್ಷದಿಂದ ಹಾಡ್ತಿದ್ದೀಯ. ಜನ ನಿನ್ನೇ ಬಿಟ್ಟೋದ್ರಲ್ಲೋ!" ಎಂದ. ನಗಿಸಲು ಅಂದದ್ದು. ನನಗೆ ಮೈಯೆಲ್ಲ ಉರಿಯಿತು. "ನಿನ್ನನ್ನ ಯಾರ್ ಕರೆದಿದ್ರು? ಮುಂದಿನ್ ವಾರದಿಂದ ನೀನೂ ಬರ್ಬೇಡ" ಎಂದುಬಿಟ್ಟೆ. ಅವನು ಪಂಚೆ ಕೊಡವಿಕೊಂಡು ಎದ್ದು ಹೋದ.

ಖಾಲಿ ಭಜನೆಮನೆಯಲ್ಲಿ ತುಂಬ ಹೊತ್ತು ಕೂತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನನ್ನನ್ನು ನೋಡಿಯೇ ಅಂದಿರಬೇಕು. ಇಷ್ಟು ಹಾಡಿದರೂ ದೇವರು ಒಲಿಯಲಿಲ್ಲವೆಂದು ಎಷ್ಟೋ ಸಲ ಅತ್ತಿದ್ದೇನೆ. ಅವನು ಬಂದಿದ್ದರೂ ಕೂರಲು ಜಾಗವೆಲ್ಲಿತ್ತು, ಎಲ್ಲ ಕಡೆ ನಾನೇ ಕೂತಿದ್ದೆ. ಒಂಟಿಯಾಗಿಬಿಟ್ಟಿದ್ದೇನೆ ಭಾರತಿ, ಅದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ. ನಾಳೆ ನರಸಿಂಹಪ್ಪನ ಮನೆಗೆ ಹೋಗಬೇಕು.

ಈಗ ನಿನ್ನ ಕಾಗದದ ಮಾತು. ಶ್ರೀನಿವಾಸಪುರದಲ್ಲಿ ನಿಮ್ಮ ಬೀದಿಯ ಹೆಂಗಸರು ಭಜನೆ ಮಂಡಳಿ ಕಟ್ಟಿದ್ದಾರೆ, ಹಾಡಲು ಕರೆಯುತ್ತಿದ್ದಾರೆ ಎಂದು ಬರೆದಿದ್ದೆ. "ಹಾಡಲಾ ಅಣ್ಣ? ಅಪ್ಪನ ಮಾತು ಮೀರಿದ ಹಾಗೆ ಆಗಲ್ವಾ?" ಎಂದು ಕೇಳಿದ್ದೆ. ಅರವತ್ತೆರಡು ವರ್ಷದವಳು ಇನ್ನೂ ನನ್ನ ಅಪ್ಪಣೆ ಕೇಳುತ್ತೀಯ. ಹಾಡು ತಾಯಿ, ಬಾಯ್ತುಂಬ ಹಾಡು.

ನಿನಗೂ ನಿನ್ನ ಯಜಮಾನರಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ದೇವರು ನಿನ್ನ ದನಿಯನ್ನು ಕಾಪಾಡಲಿ.

ಇತಿ ನಿನ್ನ ಅಣ್ಣ,
ಕೋದಂಡರಾಮಪ್ಪ

ತಾ.ಕ.: ಮದುವೆಯಾದ ಹೆಣ್ಣು ನಾಲ್ಕು ಜನರ ಮುಂದೆ ಹಾಡಬಾರದು ಎಂದು ಅಪ್ಪ ಸಾಯುವಾಗ ಹೇಳಿದರೆಂದು ನಾನೇ ನಿನಗೆ ಹೇಳಿದ್ದೆ. ಅದು ಸುಳ್ಳು. ನೀನು ಬಾಯಿ ತೆರೆದರೆ ಜನ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದನ್ನು ಸಹಿಸಲಾರದೆ ಕಟ್ಟಿದ ಮಾತು. ಅಪ್ಪ ಅಂದದ್ದು ಇಷ್ಟು: "ಇನ್ಮೇಲೆ ಭಾರತೀನೇ ಮುಂದೆ ಕೂತು ಹಾಡ್ಲಿ ಕಣೋ. ನೀನು ತಾಳ ಹಾಕು." ನೀನಾಗ ಒಳಗೆ ಅವರಿಗೆ ಗಂಜಿ ಕಾಯಿಸುತ್ತಿದ್ದೆ. ಕೇಳಿಸಿಕೊಂಡವನು ನಾನೊಬ್ಬನೇ.