ತೆರೆಯದ ಪೆಟ್ಟಿಗೆಯ ಮೇಲೆ ಮೂರು ಮುದ್ರೆ

ಸೇನಾ ಸಾಮಗ್ರಿ ಉಗ್ರಾಣದ ಮುಖ್ಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಜನವರಿ ಹದಿನಾಲ್ಕರಂದು, ನಮ್ಮ ಕಡೆ ಜನ ಸಂಕ್ರಮಣದ ಎಳ್ಳು ಹಂಚುತ್ತಿದ್ದ ಹೊತ್ತಿನಲ್ಲಿ, ನಿಮ್ಮ ಉಗ್ರಾಣದಿಂದ ಬಂದ ಹಿಮದ ಬೂಟಿನ ಅಟ್ಟೆ ಕಳಚಿಬಿತ್ತು. ನನ್ನ ಅಕ್ಕ ಕಾಶೆವ್ವನ ಮಗ, ಜವಾನ ಬಾಳೇಶ, ಆಮೇಲೆ ನಾಲ್ಕು ತಾಸು ಹಿಮದಲ್ಲಿ ನಡೆದ. ಬಲಗಾಲಿನ ನಾಲ್ಕು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಅಂದು ಗಡಿಯ ಆಚೆಯಿಂದ ಒಂದು ಗುಂಡೂ ಬಂದಿರಲಿಲ್ಲ. ಹೋದ ಬೆರಳುಗಳ ಲೆಕ್ಕ ಕೇಳಲು ಮೂರು ಪತ್ರ ಬರೆದೆ, ಅದಾಯಿತು. ಈ ನಾಲ್ಕನೆಯದನ್ನು ಪತ್ರಿಕೆಯಲ್ಲಿ, ಊರಿಗೆಲ್ಲ ಕಾಣುವಂತೆ ಬರೆಯಲು ಕಾರಣ ಬೇರೆ. ಅದೇ ಲಾಟಿನ, ಅಂದರೆ ಅದರ ಜೊತೆಗೇ ತಯಾರಾದ, ಬೂಟು ಮೆಟ್ಟಿಕೊಂಡು ಸಂಕೇಶ್ವರದ ಇನ್ನೊಬ್ಬ ಜವಾನ, ಫರ್ಹಾನ, ನವೆಂಬರ್ ಒಂದರಂದು ಅದೇ ಹಿಮಕ್ಕೆ ಹತ್ತುತ್ತಿದ್ದಾನೆ. ನನಗೆ ಉಳಿದಿರುವುದು ಹತ್ತೊಂಬತ್ತು ದಿನ.

ಬಾಳೇಶನ ಟ್ರಂಕನ್ನು ಗೆಳೆಯರು ಊರಿಗೆ ಕಳಿಸಿದಾಗ ಆ ಬೂಟು ಮತ್ತು ಅದರ ರಟ್ಟಿನ ಪೆಟ್ಟಿಗೆ ಎರಡೂ ಬಂದವು. ಪೆಟ್ಟಿಗೆಯ ಮೇಲಿನ ತಾರೀಖಿನ ಪ್ರಕಾರ ಬೂಟು ತಯಾರಾಗಿ ಹನ್ನೊಂದು ವರ್ಷ. ಮೇಲೆ ನಿಮ್ಮ ಕಚೇರಿಯ ಮೂರು ಮುದ್ರೆಗಳು, ಮೂರು ಬೇರೆ ಬೇರೆ ವರ್ಷದವು: 'ತೆರೆದು ಪರೀಕ್ಷಿಸಲಾಗಿದೆ. ಬಳಕೆಗೆ ಯೋಗ್ಯ.' ಆದರೆ ಮೂರೂ ಮುದ್ರೆಗಳು ಬಿದ್ದಿರುವುದು ಕಾರ್ಖಾನೆಯವರು ಮುಚ್ಚಳಕ್ಕೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ. ಆ ಪಟ್ಟಿಯನ್ನು ಮೊದಲ ಸಲ ಕತ್ತರಿಸಿದವನು ಬಾಳೇಶ. ಅವನ ಚಾಕುವಿನ ಗೆರೆ ಮೂರು ಮುದ್ರೆಗಳನ್ನೂ ನಡುವೆ ಸೀಳಿಕೊಂಡು ಹೋಗಿದೆ. ಮುಚ್ಚಳ ಎತ್ತದೆ ಒಳಗಿನದನ್ನು ಪರೀಕ್ಷಿಸುವ ಈ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ನಮ್ಮ ವೈದ್ಯರಿಗೂ ಅದು ಬೇಕಾಗಿದೆ.

ಆ ಬೂಟನ್ನು ಸಂಕೇಶ್ವರದ ಬಸ್ ನಿಲ್ದಾಣದ ಹತ್ತಿರ ನಲವತ್ತು ವರ್ಷದಿಂದ ಚಪ್ಪಲಿ, ಬೂಟು ರಿಪೇರಿ ಮಾಡುತ್ತಿರುವ ತಾಜುದ್ದೀನರ ಮುಂದಿಟ್ಟೆ. ಫರ್ಹಾನ ಅವರ ಮೊಮ್ಮಗ. ಅಟ್ಟೆ ಕಳಚದೆ ಉಳಿದಿದ್ದ ಎಡಗಾಲಿನ ಬೂಟನ್ನು ಅವರು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದರು. ಒಂದು ಹೆಂಟೆ ಉದುರಿತು.

"ಕುಸಬಿ ಹಿಂಡಿ ಆಗೇತ್ರಿ ಉದ್ದಪ್ಪಾರ. ಎಮ್ಮಿಗೆ ಹಾಕ್ರಿ ಇದನ್ನ."

"ಹೊಸಾದ ಐತಲ್ರಿ ಚಾಚಾ. ಎಂಟ ದಿನಾನೂ ಮೆಟ್ಟಿಲ್ಲ ಅಂವ."

"ಮೊದಲ ಮೆಟ್ಟಿದ್ರ ಮ್ಯಾಲ ಹತ್ತೂದ್ರಾಗ ಅಲ್ಲೇ ಕೆಳಗ ಗೊತ್ತಾಗತಿತ್ತು. ಈ ನಮೂನಿ ತಳ ಮೆಟ್ಟದ ಇಟ್ರ ಹಸಿ ಹಿಡದ ಕುಂತಲ್ಲೇ ಸಾಯ್ತೈತ್ರಿ. ಮಡಚಿ ನೋಡಾಕ ಏನ ಹೊತ್ತ ಬೇಕ? ಒಂದ ಕಪ್ ಚಾ ಆರೂದ್ರಾಗ ನಾ ಹತ್ತ ಜೋಡ ನೋಡ್ತೇನಿ."

ನನ್ನ ಮೂರು ಪತ್ರಗಳಿಗೆ ನಿಮ್ಮಿಂದ ಬಂದದ್ದು ಒಂದೇ ಉತ್ತರ, ಐದು ಸಾಲು. ಮೇಲೆ ಹೋಗುವ ಮೊದಲು ಕೆಳಗಿನ ಠಾಣೆಯಲ್ಲಿ ಎರಡು ವಾರ ಬೂಟು ಮೆಟ್ಟಿ ಪಳಗಿಸಬೇಕೆಂಬ ನಿಯಮವಿದ್ದು, ಸದರಿ ಸೈನಿಕ ಅದನ್ನು ಪಾಲಿಸಿಲ್ಲ. ಆದ್ದರಿಂದ ತಪ್ಪು ಬಳಕೆದಾರನದು. ಮಾನ್ಯರೇ, ಈ ಮಾತು ಖರೆ. ಇದಕ್ಕಿಂತ ಕೆಟ್ಟ ಸಂಗತಿಯನ್ನು ನಾನೇ ಹೇಳುತ್ತೇನೆ. ಬೂಟು ಕೈಗೆ ಬಂದ ದಿನ ಬಾಳೇಶ ನನಗೆ ಫೋನ್ ಮಾಡಿದ್ದ.

"ಮಾಮಾ, ಹೊಸಾ ಬೂಟ ಕೊಟ್ಟಾರ್ರಿ. ನಮ್ಮ ಮನ್ಯಾಗ ಇಷ್ಟ ತುಟ್ಟಿದು ಯಾರೂ ಮೆಟ್ಟಿಲ್ಲ ನೋಡ್ರಿ."

"ಹಂಗಾರ ಈಗ ಸವಸಬ್ಯಾಡೋ. ಹಳೇವ ಮೆಟ್ಟಿ ತಿರಗು. ಮ್ಯಾಲ ಹೋಗಾಗ ತಗಿ."

ನಮ್ಮ ಮನೆಗಳಲ್ಲಿ ಹೊಸದೆಲ್ಲ ಹೀಗೆಯೇ ಬದುಕುತ್ತದೆ. ಸೀರೆ ಪೆಟ್ಟಿಗೆಯ ತಳದಲ್ಲಿ, ಚಪ್ಪಲಿ ಅಟ್ಟದ ಮೇಲೆ, ಒಂದು ಒಳ್ಳೆಯ ದಿನಕ್ಕಾಗಿ. ಮುಟ್ಟದೆ ಇಟ್ಟರೆ ಉಳಿಯುತ್ತದೆ ಎಂಬುದು ನಮ್ಮ ನಂಬಿಕೆ. ಬಾಳೇಶ ನನ್ನ ಮಾತು ಕೇಳಿ ಎರಡು ತಿಂಗಳು ಆ ಬೂಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಆ ಎರಡು ತಿಂಗಳ ಪಾಪ ನನ್ನದು. ಅಕ್ಕನ ಮುಂದೆ ಒಪ್ಪಿಕೊಂಡಿದ್ದೇನೆ. ಅವಳು ನನ್ನೊಡನೆ ಮಾತು ಬಿಟ್ಟು ಆರು ತಿಂಗಳಾಯಿತು. ಆದರೆ ಅದಕ್ಕೂ ಮೊದಲಿನ ಹನ್ನೊಂದು ವರ್ಷ ಯಾರದು? ನಾನು ಸೋದರಮಾವ, ಪ್ರೀತಿಯಿಂದ ಮಾಡಿದ ತಪ್ಪು ಎನ್ನಬಹುದು. ತಾವು ಪಗಾರ ತೆಗೆದುಕೊಂಡು ಅದನ್ನೇ ಮಾಡಿದಿರಿ.

ಮತ್ತು ನನಗೆ ಗೊತ್ತಿರಬೇಕಿತ್ತು. ಗೋಕಾಕದ ಬೀಜದ ಗೋದಾಮಿನಲ್ಲಿ ನಾನು ಮೂವತ್ತೊಂದು ವರ್ಷ ಪಾಲಕನಾಗಿದ್ದೆ. ಜೋಳದ ಬೀಜ ಸತ್ತಿದೆಯೋ ಬದುಕಿದೆಯೋ ಎಂದು ಚೀಲದ ಹೊಲಿಗೆ ನೋಡಿ ಹೇಳಲು ಬರುವುದಿಲ್ಲ. ರಾಶಿಯ ನಡುವಿನ, ಗೋಡೆಗೆ ಹತ್ತಿದ, ಗಾಳಿಯಾಡದ ಚೀಲವನ್ನೇ ಎಳೆದು ಬಿಚ್ಚಬೇಕು. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಎಷ್ಟು ಬಂದವು ನೋಡಬೇಕು. ಹಳೆಯದು ಮೊದಲು ಹೊರಗೆ ಹೋಗುವಂತೆ ಸಾಲುಗಳನ್ನು ವರ್ಷಕ್ಕೆರಡು ಸಲ ತಿರುಗಿಸಬೇಕು. ಬೆನ್ನು ನೋಯುವ, ಧೂಳಿನ ಕೆಲಸ. ಅದನ್ನೇ ಕಾಪಾಡುವುದು ಎನ್ನುತ್ತಾರೆ. ಬೀಗ ಹಾಕುವುದಕ್ಕೆ ಬರೇ ಬೀಗ ಹಾಕುವುದು ಎನ್ನುತ್ತಾರೆ. ಬೀಜಕ್ಕೆ ಇಷ್ಟು ತಿಳಿದವನಿಗೆ ಬೂಟಿನ ವಿಷಯದಲ್ಲಿ ಹೊಳೆಯಲಿಲ್ಲ. ತಮಗೂ ಹೊಳೆಯಲಿಲ್ಲವೇ? ಬೂಟು ತಮ್ಮ ಉದ್ಯೋಗವಲ್ಲವೇ?

ಎಪ್ಪತ್ತೊಂದರ ಯುದ್ಧದಲ್ಲಿ ಕುಲಗೋಡದ ಸಾಲೆಯಿಂದ ನಾವು ಮಕ್ಕಳು ಜವಾನರಿಗೆ ಬೆಚ್ಚನೆಯ ಅಂಗಿ ಕೂಡಿಸಿದ್ದೆವು. ಮಾಲಿಂಗಪ್ಪ ಮಾಸ್ತರರು ಗಂಟು ಕಟ್ಟುವ ಮೊದಲು ಪ್ರತಿಯೊಂದನ್ನೂ ಬೆಳಕಿಗೆ ಹಿಡಿಸಿದರು. "ಗುಂಡಿ ಇಲ್ಲದ್ದು ಕಳಸಿದ್ರ ಅಲ್ಲಿ ಹಚ್ಚಾಂವ ಯಾರೋ, ನಿಮ್ಮಪ್ಪ?" ಎಂದು ನನ್ನ ಕಿವಿ ಹಿಂಡಿದ್ದು ನೆನಪಿದೆ. ಆ ಮಾಸ್ತರರಿಗೆ ನಿಮ್ಮಂಥ ಹುದ್ದೆ ಇರಲಿಲ್ಲ, ಮುದ್ರೆಯೂ ಇರಲಿಲ್ಲ.

ಆ ಲಾಟಿನ ಎಷ್ಟು ಜೋಡಿ ಉಳಿದಿವೆ ಎಂದು ಮಾಹಿತಿ ಹಕ್ಕಿನಡಿ ಕೇಳಿದೆ. ದೇಶದ ಭದ್ರತೆಯ ವಿಷಯ, ತಿಳಿಸಲಾಗದು ಎಂದಿರಿ. ಅಟ್ಟೆ ಉದುರುವ ಗುಟ್ಟು ಶತ್ರುವಿಗೆ ಗೊತ್ತಾಗಬಾರದು, ಒಪ್ಪಿದೆ. ಮೆಟ್ಟುವವನಿಗೂ ಗೊತ್ತಾಗಬಾರದೇ?

ಹೋದ ರವಿವಾರ ತಾಜುದ್ದೀನರ ಅಂಗಡಿಯಲ್ಲಿ ಕುಳಿತಿದ್ದಾಗ ಫರ್ಹಾನನ ಫೋನ್ ಬಂತು. ಮನೆಮಾತಿನಲ್ಲಿ ಶುರು ಮಾಡಿದವನು ನಾನಿದ್ದೇನೆಂದು ತಿಳಿದು ಕನ್ನಡಕ್ಕೆ ಹೊರಳಿದ. ಅಜ್ಜ ಹೇಳಿಕೊಟ್ಟಂತೆ ಬೂಟು ಮಡಚಿ ನೋಡಿದನಂತೆ. ಅಟ್ಟೆಗೆ ಅಡ್ಡ ಬಿರುಕು ಬಿತ್ತಂತೆ.

"ತೋರಿಸಿದೆ ದಾದಾ. ಬದಲಿ ಕೊಟ್ರು. ಲಾಟ್ ನಂಬರ ಮಾತ್ರ ಅದ ಐತಿ."

"ಇಲ್ಲಿ ಕಳಸು. ಟಾಯರಿನ ತಳ ಹೊಲದ ಕೊಡ್ತೇನಿ."

"ಸರಕಾರಿ ಮಾಲರಿ ಅದು. ಹೊರಗ ಕಳಸಿದ್ರ ನನ್ನ ಒಳಗ ಹಾಕ್ತಾರ." ಫರ್ಹಾನ ನಕ್ಕ. ಅಜ್ಜ ನಗಲಿಲ್ಲ.

"ನಿನ್ನ ಜೋಡಿ ಎಷ್ಟ ಮಂದಿ ಹೊಂಟೀರಿ?"

"ನಲವತ್ತಾರ ಮಂದಿ."

"ಅವರಿಗೆ ಯಾರಿಗೂ ಬೂಟ ಹೊಲಿಯೋ ಅಜ್ಜ ಇಲ್ಲೇನಪಾ?"

ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ನನಗೆ ಯಾರ ಅಮಾನತೂ ಬೇಡ, ತನಿಖಾ ಸಮಿತಿಯೂ ಬೇಡ. ಅದು ವರದಿ ಕೊಡುವಷ್ಟರಲ್ಲಿ ಎರಡು ಚಳಿಗಾಲ ಮುಗಿದಿರುತ್ತದೆ. ಆ ಲಾಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಯಿರಿ, ಅಟ್ಟೆ ಮಡಚಿ ನೋಡಿರಿ. ಆಳುಗಳಿಲ್ಲವೆಂದರೆ ತಾಜುದ್ದೀನರೂ ನಾನೂ ನಮ್ಮ ಖರ್ಚಿನಲ್ಲೇ ಬಂದು ಗೇಟಿನ ಹೊರಗೆ ಕುಳಿತು ಮಡಚುತ್ತೇವೆ. ನಲವತ್ತಾರು ಜವಾನರಿಗೆ ಬೇರೆ ಬೂಟು ಹೋಯಿತೇ ಇಲ್ಲವೇ ಎಂಬುದನ್ನು ಅಕ್ಟೋಬರ್ ಮುಗಿಯುವುದರೊಳಗೆ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ, ತಮ್ಮ ಹೆಸರು ಹಾಕಿ ಉತ್ತರಿಸಿರಿ. ಹೋಗಿಲ್ಲವಾದರೆ ಹೋಗಿಲ್ಲ ಎಂದೇ ಬರೆಯಿರಿ. ಆ ಮನೆಗಳವರಿಗೆ ತಮ್ಮ ಮಕ್ಕಳಿಗೆ ಫೋನ್ ಮಾಡಿ ಎಚ್ಚರಿಸಲು ಅಷ್ಟಾದರೂ ಸಮಯ ಸಿಗಲಿ.

ಇಂತಿ,
ಮೂರು ಪತ್ರ ಟಪಾಲಿಗೆ ಹಾಕಿ ಕೆಟ್ಟ,
ಉದ್ದಪ್ಪ
ನಿವೃತ್ತ ಗೋದಾಮು ಪಾಲಕ
ಕುಲಗೋಡ, ಮೂಡಲಗಿ ತಾಲ್ಲೂಕು