ಬಾಸ್ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದವರಿಗೆ

ಕಡಲೇರಿದ ಅರವತ್ತೆರಡನೇ ವರ್ಷ,
ಎರಡನೇ ಮಳೆಗಾಲದ ಒಂಬತ್ತನೇ ದಿನ,
ಮಂಗಳೂರಿನ ಉಳಿದ ಗುಡ್ಡದಿಂದ

ಪೂಜ್ಯ ರೋಹಿದಾಸ ಅಜ್ಜನವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು, ಹುಡುಕಬೇಡಿ; ಕಡಲು ಊರಿಗೇರಿದ ವರ್ಷದಿಂದ ನಮ್ಮ ಎಣಿಕೆ. ನಾನು ನಿಮ್ಮ ಮಗಳು ತನ್ವಿಯ ಮರಿಮಗಳು, ನೇಮಿಕಾ. ನನಗೀಗ ಎಪ್ಪತ್ತೊಂದು, ನಿಮಗೆ ನಲವತ್ತೊಂದು. ಆದರೂ ಅಜ್ಜ ಅಜ್ಜನೇ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿನದೆನಿಸಿದರೆ ಕ್ಷಮೆ ಬೇಡ, ಸಿಟ್ಟು ಇದೆ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಸತ್ತವರು ಬದುಕಿದ್ದ ದಿನಗಳಿಗೆ ಕಾಗದ ಒಯ್ಯುವ ಅಂಚೆ. ಜನ್ಮಕ್ಕೆ ಒಂದೇ ಕಾಗದ. ತಲುಪುತ್ತದೆಯೋ ಇಲ್ಲವೋ ಇಂದಿಗೂ ಯಾರಿಗೂ ಗೊತ್ತಿಲ್ಲ. ನನ್ನ ಪಾಲಿನದನ್ನು ಐವತ್ತು ವರ್ಷ ಉಳಿಸಿಟ್ಟುಕೊಂಡು ಈಗ ನಿಮಗೆ ಬರೆಯುತ್ತಿದ್ದೇನೆ.

ನೀವೀಗ ಹೋಮ್ ಥಿಯೇಟರ್ ಕಟ್ಟಿಸುವ ಹುಮ್ಮಸ್ಸಿನಲ್ಲಿದ್ದೀರಿ. ಮನೆಯ ಹಿಂದೆ ಗುಡ್ಡ ಕಡಿದು ತಡೆಗೋಡೆ ಎಬ್ಬಿಸಿದ್ದೀರಿ. ಅದಕ್ಕೆ ತಾಗಿಕೊಂಡ ನೆಲಮಾಳಿಗೆಯಲ್ಲಿ ಹನ್ನೊಂದು ಸ್ಪೀಕರು, ನೆಲ ನಡುಗಿಸುವ ಬಾಸ್ ಸದ್ದಿಗೆಂದೇ ಎರಡು ಸಬ್‌ವೂಫರು, ಸದ್ದು ದಾಟದ ಗೋಡೆ, ಅಂಚಿಗೆ ರಬ್ಬರು ಹೊಡೆದ ಭಾರದ ಬಾಗಿಲು ಬರಲಿವೆ. ನಿಮ್ಮ ಹೆಂಡತಿ ಶರ್ಮಿಳಾ ಅಜ್ಜಿ ಕೇಳಿದ್ದು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ: "ಈಗಿನ ಪಿಕ್ಚರಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಕತೆಯೇ ಇಲ್ಲದ್ದಕ್ಕೆ ಹನ್ನೊಂದು ಬಾಯಿ ಯಾಕೆ?" ನೀವು ನಕ್ಕು, "ನಿಂಗೆ ಗೊತ್ತಾಗುದಿಲ್ಲ, ಒಮ್ಮೆ ಕೇಳಿ ನೋಡು" ಎಂದಿರಂತೆ. ಅಜ್ಜಿಯ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ನೀವು ನೋಡಲಿರುವ ಆ ಪಿಕ್ಚರನ್ನು ನಾನು ಹುಡುಕಿ ತರಿಸಿ ನೋಡಿದೆ. ನಮ್ಮಲ್ಲಿ ಮಳೆಯಿಲ್ಲದ ದಿನ ಹನ್ನೊಂದರಿಂದ ನಾಲ್ಕರವರೆಗೆ ಉರಿಹೊತ್ತು. ಹೊರಗೆ ಕಾಲಿಟ್ಟರೆ ಚರ್ಮ ಏಳುತ್ತದೆ. ಆಗ ಎಲ್ಲರೂ ಒಳಗೆ ಕೂತು, ಹುರುಳಿ ಗಂಜಿ ಕುಡಿದು, ಅಂಗೈಯಗಲದ ಗಾಜಿನಲ್ಲಿ ಹಳೆಯ ಪಿಕ್ಚರು ನೋಡುತ್ತೇವೆ. ಕಿವಿ ಮಾತ್ರ ಕೇಳುಗಂಡಿಯ ಕಡೆಗೇ ಇರುತ್ತದೆ. ಕೇಳುಗಂಡಿಯೆಂದರೆ ಗೋಡೆಯಲ್ಲಿ ಮುಷ್ಟಿಯಷ್ಟು ಅಗಲದ ತೂತು, ಹೊರಗಿನ ಸದ್ದು ಒಳಬರಲಿಕ್ಕೆ. ಅದಿಲ್ಲದೆ ಈ ಊರಿನಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಮಗುವಿಗೆ ಅನ್ನ ಉಣಿಸುವ ದಿನ ಮೊದಲು ಅದನ್ನು ಎತ್ತಿಕೊಂಡು ಹೋಗಿ ಅಲ್ಲಿ ಕಿವಿಯಿಡಿಸುತ್ತೇವೆ. ಇನ್ನು ನಿಮ್ಮ ಪಿಕ್ಚರು! ಎರಡೂಮುಕ್ಕಾಲು ಗಂಟೆ. ನಾಯಕ ಆಕಾಶದಿಂದ ಬೀಳುತ್ತಾನೆ, ಊರಿಗೆ ಊರೇ ಪುಡಿಯಾಗುತ್ತದೆ, ಅವನ ಕ್ರಾಪು ಕೆಡುವುದಿಲ್ಲ. ಜನ ಮಾತಾಡಿದರೆ ಪಿಸುಪಿಸು, ಏನಾದರೂ ಒಡೆದರೆ ಕಿವಿಯ ತಮಟೆ ಹರಿಯುವಷ್ಟು ಅಬ್ಬರ. ಯಾರು ಸತ್ತರೂ ಅದರಲ್ಲಿ ಒಬ್ಬರೂ ಅಳುವುದಿಲ್ಲ. ಅಯ್ಯೋ, ಇದಕ್ಕಾಗಿಯೇ ಎಂದು ನಾನು ಅತ್ತೆ.

ಮುಂದಿನ ಆಟಿ ತಿಂಗಳ ಮೂರನೇ ಭಾನುವಾರ, ಮಧ್ಯಾಹ್ನ. ಮೂರು ದಿನ ಬಿಡದ ಮಳೆ. ಹೊಸ ಥಿಯೇಟರಿಗೆ ನೆಂಟರನ್ನು ಕರೆದಿರುತ್ತೀರಿ. ನೀವು, ಅಜ್ಜಿ, ಅವರೆಲ್ಲ ಸೇರಿ ಏಳು ಜನ ದೊಡ್ಡವರು, ಒಂಬತ್ತು ವರ್ಷದ ತನ್ವಿ. ಅವಳು "ಅಪ್ಪ, ಬೋರಾಗ್ತದೆ" ಎಂದು, ಗೋಳಿಬಜೆಯ ಖಾಲಿ ತಟ್ಟೆ ಹಿಡಿದು ಎದ್ದಳು. ಬಾಗಿಲಲ್ಲಿದ್ದಾಗ ನೆಲ ಗುಡುಗುಡು ಎಂದು ಅದುರಿತು. "ಬಾಸ್ ಅಂದ್ರೆ ಇದು ಮಾರಾಯ್ರೆ!" ಎಂದು ಒಬ್ಬರು ಕೂಗಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ನೀವು ಸೌಂಡ್ ಇನ್ನೂ ಏರಿಸಿದಿರಿ. ಪರದೆಯ ಮೇಲೆ ಆಗ ನಾಯಕ ತಂಗಿಯ ಮನೆಯಲ್ಲಿ ಟೀ ಕುಡಿಯುತ್ತಿದ್ದನೆಂದು ಅವಳಿಗೆ ನೆನಪಿತ್ತು. ಆ ಜಾಗವನ್ನು ನಾನು ಹತ್ತು ಸಲ ಕೇಳಿದ್ದೇನೆ ಅಜ್ಜ. ಅಲ್ಲಿ ಗುಡುಗು ಇಲ್ಲ. ಕಪ್ಪು-ಬಸಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮೇಲೆ ಬಂದವಳು ಹಿತ್ತಿಲ ತಡೆಗೋಡೆ ಬಿರಿಯುವುದನ್ನು ಕಂಡು ಓಡಿ ಇಳಿದು, ಆ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಎಳೆದು ತೆರೆಯುವ ಬಲ ಅವಳಿಗಿರಲಿಲ್ಲ. ಅಪ್ಪಾ ಎಂದು ಕಿರಿಚಿದಳು. ರಬ್ಬರು ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪಕ್ಕದ ಮನೆಯ ಹೆಂಗಸು ಅವಳನ್ನು ಎಳೆದುಕೊಂಡು ಓಡಿದಳು, ಹಿಂದೆಯೇ ಗುಡ್ಡ ಬಂತು. ಎಂಬತ್ತೆಂಟನೇ ವಯಸ್ಸಿನಲ್ಲೂ ತನ್ವಿ ಮುತ್ತಜ್ಜಿ ನಿದ್ದೆಯಲ್ಲಿ ಮಂಚದ ಹಲಗೆ ಬಡಿಯುತ್ತಿದ್ದಳು. "ನಾನು ಗಟ್ಟಿ ಬಡಿಲಿಲ್ಲ ಮಗಾ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಆ ಕೈಗಳನ್ನು ನಾನು ಹಿಡಿದುಕೊಂಡಿದ್ದೇನೆ. ಆದ್ದರಿಂದಲೇ ನಿಮ್ಮ ಮೇಲೆ ನನಗೆ ಇಷ್ಟು ಸಿಟ್ಟು.

ಸ್ಪೀಕರು ಕೊಳ್ಳಬೇಡಿ ಎಂದರೆ ನೀವು ಕೇಳುವವರಲ್ಲ. ಕೊಳ್ಳಿ. ಬಾಗಿಲಿಗೆ ರಬ್ಬರು ಹೊಡೆಸಬೇಡಿ, ಅಷ್ಟೇ ಸಾಕು. ಅದೂ ಆಗದಿದ್ದರೆ, ನಾಯಕ ಟೀ ಕುಡಿಯುವಾಗ ಒಮ್ಮೆ ಸೌಂಡ್ ನಿಲ್ಲಿಸಿ. ನೀವು ಬದುಕಿದರೆ ತನ್ವಿ ಅನಾಥರ ಶಾಲೆಗೆ ಹೋಗುವುದಿಲ್ಲ, ಅಲ್ಲಿ ನನ್ನ ಮುತ್ತಜ್ಜನನ್ನು ಕಾಣುವುದಿಲ್ಲ, ನಾನು ಹುಟ್ಟುವುದೂ ಇಲ್ಲ. ಲೆಕ್ಕ ಹಾಕಿಯೇ ಬರೆದಿದ್ದೇನೆ. ಎಪ್ಪತ್ತೊಂದು ವರ್ಷ ಉಂಡಿದ್ದೇನೆ, ಸಾಕು.

ಅಜ್ಜಾ, ಮಗು ಬಾಗಿಲು ಬಡಿಯುತ್ತಿದೆ. ಸೌಂಡ್ ನಿಲ್ಲಿಸಿ.

ಇನ್ನೂ ಹುಟ್ಟದ,
ನೀವು ಬಾಗಿಲು ತೆರೆದರೆ ಹುಟ್ಟಲಾರದ,
ನಿಮ್ಮ ನೇಮಿಕಾ