ಕೇಳದೆ ಹಾಕಿದ ‘ಇಲ್ಲ’

ಮೇಷ್ಟ್ರೇ,

ನಮಸ್ಕಾರ ಅಂತ ಶುರು ಮಾಡಬೇಕು. ಮಾಡುವುದಿಲ್ಲ. ನಿಮ್ಮ ಮೇಲೆ ಸಿಟ್ಟಿದೆ. ನೀವು ಹೋದ ಮೇಲಿನ ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಇತ್ತು, ಇವತ್ತು ಹರಿಹರದ ಬಸ್ಸಿನಲ್ಲಿ ಬರುವಾಗಲೂ ಇತ್ತು. ಆ ದಿನ ಪಕ್ಕದಲ್ಲಿ ಕೂತವರೆಲ್ಲ ‘ಹಾರ್ಟ್ ಅಟ್ಯಾಕಂತೆ, ಪುಣ್ಯವಂತ್ರು, ನರಳಲಿಲ್ಲ’ ಅನ್ನುತ್ತಿದ್ದರು. ಹಾರ್ಟ್ ಅಟ್ಯಾಕ್ ಅಲ್ಲವೆಂದು ಪಾಯಸ ಬಡಿಸುವವರಿಗೂ ಗೊತ್ತಿತ್ತು. ನಿಮ್ಮ ಪ್ರಾಣವನ್ನು ನೀವೇ ತೆಗೆದುಕೊಂಡಿರಿ. ನೋಡಿ, ಬರೆದೆ. ಬರೆದದ್ದಕ್ಕೆ ಆಕಾಶವೇನೂ ಕೆಳಗೆ ಬೀಳಲಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ನೆನಪಿದೆಯೇ? ದಾವಣಗೆರೆಯ ಆ ಆಫೀಸಿನಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ, ನೀವು ಫಾರಂಗಳ ಕಟ್ಟಿನಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಿರಿ. ಹರಿಹರದಲ್ಲಿ ಹೆಡ್ ಮಾಸ್ತರಾಗಿ ರಿಟೈರ್ ಆದವರು, ಸುತ್ತಲ ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಶಿಷ್ಯರಿರುವವರು, ಅದಕ್ಕೇ ಸಂಶೋಧನೆ ನಡೆಸುತ್ತಿದ್ದ ಕಾಲೇಜಿನ ಮೇಡಂ ನಿಮ್ಮನ್ನು ಸರ್ವೇಯ ಸೂಪರ್‌ವೈಸರ್ ಮಾಡಿದ್ದರು. ಜನರ ಮನಸ್ಸಿನ ಆರೋಗ್ಯ ಹೇಗಿದೆ ಎಂಬ ಸಂಶೋಧನೆ. ಮನೆಮನೆಗೆ ಹೋಗಿ ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಬೇಜಾರಾಗುತ್ತದಾ ಎಂದು ಕೇಳುವುದು ನಮ್ಮ ಕೆಲಸ. ಕೊನೆಯ ಪ್ರಶ್ನೆ, ಬದುಕಿದ್ದು ಏನು ಪ್ರಯೋಜನ, ಸತ್ತರೆ ವಾಸಿ ಎಂದು ಅನ್ನಿಸಿದ್ದಿದೆಯಾ? ‘ಹೌದು’ ಎಂದರೆ ಅದೇ ದಿನ ಮೇಡಂಗೆ ಫೋನ್ ಮಾಡಬೇಕು, ಆ ಮನುಷ್ಯರನ್ನು ಆಸ್ಪತ್ರೆಗೆ ಕರೆಸುವ ಏರ್ಪಾಡು ಅವರದು. ಇಡೀ ಸರ್ವೇಯ ಜೀವ ಆ ಒಂದು ಸಾಲಿನಲ್ಲಿತ್ತು, ಮೇಷ್ಟ್ರೇ. ನಿಮಗದು ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ.

ಕೊಕ್ಕನೂರಿನ ಆ ಸಂಜೆ. ಜನ ಹಗಲೆಲ್ಲ ನಾಟಿಗೆ ಹೋಗಿರುತ್ತಾರೆಂದು ನಾವು ಹೋಗುತ್ತಿದ್ದುದೇ ದೀಪ ಹಚ್ಚುವ ಹೊತ್ತಿಗೆ. ಒಂದು ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಸೊಸೆಗೆ ನಾನು ಒಂದೊಂದೇ ಕೇಳುತ್ತಾ ಕೊನೆಯದಕ್ಕೆ ಬಂದೆ. ಅಷ್ಟು ಹೊತ್ತು ತಲೆ ತಗ್ಗಿಸಿಯೇ ಉತ್ತರ ಕೊಡುತ್ತಿದ್ದವಳು ತಲೆ ಎತ್ತಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದೇ ಬಿಟ್ಟರು. ‘ಮುಸ್ಸಂಜಿ ಹೊತ್ನಾಗೆ ನನ್ ಸೊಸಿಗೆ ಸಾಯ್ತೀಯೇನು ಅಂತ ಕೇಳ್ತೀಯಲ್ಲ, ನಿನ್ ಬಾಯಿಗೆ ಹುಳ ಬೀಳ! ಏಳು, ಏಳು ಮ್ಯಾಕೆ!’ ನೀವು ಕೈ ಮುಗಿದು, ‘ಚಿಕ್ಕ ಹುಡುಗಿ, ತಿಳಿಲಿಲ್ಲ, ತಪ್ಪಾತ್ರಿ ಯಜಮಾನ್ತಿ’ ಎಂದಿರಿ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೊರಟಿರಿ. ಆ ಹುಡುಗಿ ಏನು ಹೇಳಲು ಬಾಯಿ ತೆರೆದಳೋ...

ಅವತ್ತೇ ವಾಪಸ್ ಬರುವಾಗ ಹರಿಹರದ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದಿರಿ. ನಾನು ಅಳುತ್ತಿದ್ದೆ, ಖಾರಕ್ಕೆ ಅಲ್ಲ. ನೀವು ನನ್ನ ಫಾರಂ ಎಳೆದುಕೊಂಡು ಕೊನೆಯ ಸಾಲಿನ ‘ಇಲ್ಲ’ದ ಮುಂದೆ ಟಿಕ್ ಹಾಕಿ, ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ ಮಾಡಿದಿರಿ. ‘ಅದನ್ನ ಕೇಳಬ್ಯಾಡ ಅವ್ವ. ಹೊಸ್ತಿಲ ಮುಂದೆ ಕುಂತು ಸಾವಿನ ಮಾತು ಎತ್ತಿದ್ರೆ ಆ ಮನೆಯೋರು ಆಮೇಲೆ ನೀರೂ ಕೊಡಲ್ಲ. ಮುಖ ನೋಡು, ಗೊತ್ತಾಗ್ತೈತೆ. ನಾನು ಎಷ್ಟು ವರ್ಷ ಹುಡುಗ್ರ ಮುಖ ನೋಡೀನಿ, ಯಾವೋನು ಉಪಾಸ ಬಂದಾನೆ, ಯಾವೋನು ಹೊಡತ ತಿಂದು ಬಂದಾನೆ, ಎಲ್ಲಾ ಗೊತ್ತಾಗ್ತಿತ್ತು.’ ನಾನು ನಂಬಿದೆ. ನಿಮ್ಮ ಮಾತು ನನಗೆ ಯಾವಾಗ ತಾನೇ ಸುಳ್ಳಾಗಿತ್ತು? ಹದಡಿಯಲ್ಲಿ ಮುಖ ನೋಡಿ ಹಾಕಿದೆ. ಉಳಿದ ಊರುಗಳಲ್ಲಿ ಮುಖವನ್ನೂ ನೋಡದೆ ಹಾಕಿದೆ. ಬಸ್ಸಿನಲ್ಲಿ ಕೂತು, ಕಟ್ಟುಗಟ್ಟಲೆ ಫಾರಂಗಳಿಗೆ ಕೊನೆಯ ಸಾಲು ಮೊದಲೇ ತುಂಬಿಟ್ಟುಕೊಂಡೆ. ತಂಡದ ಎಲ್ಲರೂ ಅದನ್ನೇ ಮಾಡಿದೆವು. ಎಲ್ಲದರ ಕೆಳಗೂ ನಿಮ್ಮ ದುಂಡನೆಯ ಸಹಿ.

ಕೊಂಡಜ್ಜಿಯ ಕೆರೆ ದಂಡೆಯಲ್ಲಿ ಹೊಸಬರಿಗೆ ತರಬೇತಿ ಇಟ್ಟಿದ್ದೆವಲ್ಲ, ಅದನ್ನು ದಿನಾ ನೆನೆಸಿಕೊಳ್ಳುತ್ತೇನೆ. ‘ಮಂಜುಳಾ, ಇವರಿಗೆ ಕೇಳಿ ತೋರ್ಸು, ನಾನೇ ಮನೆಯೋನು’ ಎಂದು ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿರಿ. ನಿದ್ದೆ? ‘ವಯಸ್ಸಾತಲ್ಲವ್ವ, ಎಲ್ಲಿಂದ ಬರಬೇಕು.’ ಊಟ? ‘ಇತ್ತೀಚಿಗೆ ರುಚಿ ಕಾಣವಲ್ದು.’ ಯಾವುದರಲ್ಲಾದರೂ ಆಸಕ್ತಿ? ನೀವು ಕೆರೆಯ ಕಡೆ ನೋಡಿದಿರಿ. ‘ಕಮ್ಮಿ ಅಂತ ಹಾಕು.’ ಹೊಸಬರು ನಗುತ್ತಿದ್ದರು, ಮೇಷ್ಟ್ರು ಚೆನ್ನಾಗಿ ನಾಟಕ ಮಾಡುತ್ತಾರೆಂದು. ನಾನೂ ನಕ್ಕೆ. ಕೊನೆಯ ಪ್ರಶ್ನೆಗೆ ಬಂದಾಗ ನಾನು ಬಾಯಿ ತೆರೆಯುವ ಮೊದಲೇ, ‘ಅದು ನಿನಗೆ ಗೊತ್ತೈತಲ್ಲ, ಹಾಕು’ ಎಂದಿರಿ. ಹಾಕಿದೆ. ‘ಇಲ್ಲ.’ ಅದಾಗಿ ಎಷ್ಟು ವಾರ ಇದ್ದಿರಿ ನೀವು? ನನ್ನ ಮುಂದೆ ಕೂತು ಒಂದೊಂದಾಗಿ ಎಲ್ಲವನ್ನೂ ಹೇಳಿದ್ದಿರಿ. ಉಳಿದದ್ದು ಒಂದೇ. ನಾಟಕವಾಗಿತ್ತಾ ಅದು? ನಿಜವಾಗಿ ನಾನು ಕೇಳಿದ್ದರೆ ನೀವು ಏನು ಹೇಳುತ್ತಿದ್ದಿರಿ, ಮೇಷ್ಟ್ರೇ? ಆ ಮಾತು ನನ್ನನ್ನು ತಿನ್ನುತ್ತಿದೆ. ಕೇಳಬೇಡ ಎಂದು ಕಲಿಸಿದವರು ನೀವು, ಕಲಿತವಳು ನಾನು. ಯಾರನ್ನು ಬೈಯಲಿ?

ಕಾಲೇಜಿನಲ್ಲಿ ಸಂಶೋಧನೆಯ ದಿನ ಆಚರಿಸಿದಾಗ ನೀವಿರಲಿಲ್ಲ. ದೊಡ್ಡ ಹಾಲಿನ ತುಂಬ ಪೋಸ್ಟರ್‌ಗಳು. ಕೆಮಿಸ್ಟ್ರಿಯವರು ಎಲೆಯಿಂದ ಯಾವುದೋ ರಸಾಯನ ತೆಗೆದಿದ್ದರು, ಕ್ಯಾನ್ಸರ್ ವಿಭಾಗದವರು ಹೊಸ ಮಾತ್ರೆ ತಗೊಂಡವರ ಸಂಕಟಗಳನ್ನೆಲ್ಲ ಪಟ್ಟಿ ಮಾಡಿದ್ದರು, ಕರಾವಳಿಯಿಂದ ಬಂದ ಒಬ್ಬಾಕೆ ಮೊಟ್ಟೆಯಿಡಲು ದಂಡೆಗೆ ಬರುವ ಕಡಲಾಮೆಗಳನ್ನು ಎಣಿಸಿದ್ದಳು. ನಮ್ಮದರ ಮೇಲೆ ಏನು ಬರೆದಿತ್ತು ಗೊತ್ತೇ? ಈ ಭಾಗದ ಹಳ್ಳಿಗಳಲ್ಲಿ ಸಾಯುವ ಆಲೋಚನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಕೂಡು ಕುಟುಂಬ, ದೈವಭಕ್ತಿ ಜನರನ್ನು ಕಾಯುತ್ತಿವೆ ಅಂತ. ನಮಗೇ ಮೊದಲ ಬಹುಮಾನ. ಚಪ್ಪಾಳೆ. ನಿಮಗೆ ಒಂದು ನಿಮಿಷದ ಮೌನಾಚರಣೆಯೂ ಆಯಿತು, ಅದೇ ವೇದಿಕೆಯ ಮೇಲೆ, ಅದೇ ಪೋಸ್ಟರಿನ ಮುಂದೆ. ನನಗೆ ಕಿರುಚಬೇಕು ಅನ್ನಿಸಿತು.

ಚಪ್ಪಾಳೆಯಿಂದ ತಪ್ಪಿಸಿಕೊಂಡು ಆಮೆಯವಳ ಪೋಸ್ಟರ್ ಮುಂದೆ ಹೋಗಿ ನಿಂತೆ. ಅವಳ ಪಟ್ಟಿಯಲ್ಲಿ ಅಲ್ಲಲ್ಲಿ ಖಾಲಿ ಬಿಟ್ಟ ಚೌಕಗಳಿದ್ದವು. ಸೊನ್ನೆ ಹಾಕೋದು ಮರೆತಿದ್ದೀರಾ ಎಂದೆ, ದೊಡ್ಡ ತಿಳಿದವಳ ಹಾಗೆ. ‘ಇಲ್ಲಪ್ಪ. ಅವತ್ತು ಮಳೆ ಜೋರಿತ್ತು, ದಂಡೆಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಹೋಗ್ದೇ ಇದ್ದ ದಿನಕ್ಕೆ ಆಮೆ ಬರ್ಲಿಲ್ಲ ಅಂತ ಹೇಗೆ ಬರೀಲಿಕ್ಕಾಗ್ತದೆ?’ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ನನಗೆ. ಕಡಲಾಮೆಗಿರುವ ಮರ್ಯಾದೆ ಕೊಕ್ಕನೂರಿನ ಸೊಸೆಗಿಲ್ಲ, ಮೇಷ್ಟ್ರೇ! ಆಮೆಯನ್ನು ನೋಡದಿದ್ದರೆ ನೋಡಿಲ್ಲ ಎನ್ನುತ್ತಾರೆ. ನಾವು ಮನುಷ್ಯರನ್ನು ಕೇಳದೆಯೇ ಅವರ ಪರವಾಗಿ ‘ಇಲ್ಲ’ ಎಂದೆವು, ಬಹುಮಾನವನ್ನೂ ತಗೊಂಡೆವು.

ಮರುದಿನವೇ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಈಗ ಬಂದು ಹೇಳ್ತಿದೀಯಲ್ಲ? ಪೇಪರ್ ಜರ್ನಲ್ಲಿಗೆ ಕಳಿಸಿಯಾಗಿದೆ.’ ವಾಪಸ್ ತರಿಸಿ ಅಂದೆ. ‘ಪ್ರತಿ ಫಾರಂ ಮೇಲೆ ಸಹಿ ಯಾರದಿದೆ ನೋಡಿದೀಯಾ? ಹೋದ ಮನುಷ್ಯನ ಹೆಸರು ಯಾಕಮ್ಮ ಹಾಳು ಮಾಡ್ತೀಯ? ನಿನಗೆ ಅವರು ತಂದೆ ಇದ್ದ ಹಾಗೆ ಅಲ್ವಾ?’ ನೋಡಿದಿರಾ, ಬದುಕಿದ್ದಾಗ ನಿಮಗೆ ಒಂದು ಕುರ್ಚಿ ಕೊಡದವರು, ಈಗ ನಿಮ್ಮ ಹೆಸರನ್ನೇ ಅಡ್ಡ ಹಿಡಿದು ನಿಂತಿದ್ದರು. ‘ಹೌದು ಮೇಡಂ, ತಂದೆ ಇದ್ದ ಹಾಗೆ. ಅದಕ್ಕೇ ಹೇಳ್ತಿರೋದು’ ಎಂದೆ. ಕಾಲೇಜಿನ ಸಂಶೋಧನಾ ಸಮಿತಿಗೆ ಬರೆದು ಕೊಟ್ಟೆ, ನನ್ನ ತಪ್ಪನ್ನು ಮೊದಲು, ನಿಮ್ಮದನ್ನು ಆಮೇಲೆ. ಏನು ತೀರ್ಮಾನ ಮಾಡುತ್ತಾರೋ ಗೊತ್ತಿಲ್ಲ. ನನಗಂತೂ ಅವತ್ತಿನಿಂದಲೇ ಕೆಲಸಕ್ಕೆ ಬರಬೇಡ ಎಂದರು. ಕೊಕ್ಕನೂರಿಗೆ ನಾನೊಬ್ಬಳೇ ಹೋಗಿ ಬಂದೆ. ‘ಅಕಿ ತವರಿಗೆ ಹೋಗ್ಯಾಳೆ’ ಎಂದರು ಅತ್ತೆ. ತವರು ಯಾವೂರು ಎಂದರೆ ಹೇಳಲಿಲ್ಲ. ಯಾವಾಗ ಬರುತ್ತಾಳೆ ಎಂದರೆ ಬಾಗಿಲು ಹಾಕಿದರು. ಆ ಮನೆಗೆ ಇನ್ನೂ ಹೋಗುತ್ತಲೇ ಇರುತ್ತೇನೆ, ಎಷ್ಟು ಬೈದರೂ.

ಕೊನೆಗೆ ನಿಮ್ಮ ಮನೆಗೆ ಹೋದೆ. ನಿಮ್ಮ ಹೆಸರು ಹೊರಗೆ ಬೀಳುತ್ತದೆ, ನಿಮ್ಮ ಕೈಹಿಡಿದ ಗಿರಿಜಕ್ಕನಿಗೆ ಅದು ಬೇರೆಯವರಿಂದ ತಿಳಿಯಬಾರದು ಎಂದು. ಮಟಮಟ ಮಧ್ಯಾಹ್ನ. ಅಕ್ಕ ನಡುಮನೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ಒಬ್ಬರೇ ತಿನ್ನಲು ಅಷ್ಟು ಶೇಂಗಾ ಯಾಕೆ ಬೇಕಿತ್ತೋ. ಎಲ್ಲ ಕೇಳಿಸಿಕೊಂಡು, ‘ಹಾರ್ಟ್ ಅಟ್ಯಾಕ್ ಅಂತ ಊರಿಗೆ ಹೇಳ್ಸಿದ್ದು ನಾನೇ ಕಣವ್ವ. ಇನ್ನೇನು ಹೇಳ್ಲಿ ಹೇಳು. ಬರಕೊಟ್ಟಿದ್ದು ಚಲೋ ಮಾಡಿದಿ’ ಎಂದರು. ನಾನು ಹೊರಡಲು ಎದ್ದೆ. ಅವರ ಮುಖ ನೋಡಿದೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಲ್ಲ ಸರಿಯಿತ್ತು, ಹಣೆಗೆ ವಿಭೂತಿ, ಬಾಚಿ ಕಟ್ಟಿದ ತಲೆ. ಮತ್ತೆ ಕೂತೆ. ನಿದ್ದೆಯಿಂದ ಹಿಡಿದು ಒಂದೊಂದೇ ಕೇಳಿದೆ. ಕೊನೆಯದನ್ನೂ ಕೇಳಿದೆ, ಒಂದಕ್ಷರ ಬಿಡದೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಹೂಂ’ ಎಂದರು.

ಮರುದಿನ ಬೆಳಿಗ್ಗೆಯೇ ಇಬ್ಬರೂ ದಾವಣಗೆರೆಯ ಆಸ್ಪತ್ರೆಗೆ ಹೋದೆವು. ಹಿಂದಿನ ರಾತ್ರಿ ನಾನು ನಿಮ್ಮ ಮನೆಯಲ್ಲೇ ಮಲಗಿದ್ದೆ. ಡಾಕ್ಟರು ಒಳ್ಳೆಯವರು, ಅವಸರ ಮಾಡಲಿಲ್ಲ. ಅಕ್ಕ ಈಗ ತಪ್ಪದೆ ಹೋಗುತ್ತಿದ್ದಾರೆ, ಮಾತ್ರೆ ತಗೊಳ್ಳುತ್ತಾರೆ, ನಿದ್ದೆ ಬರುತ್ತಿದೆ. ಮೊನ್ನೆ ನನಗೆ ಬೈದರು ಕೂಡ: ‘ಬಂದಾಗೆಲ್ಲ ಅದನ್ನೇ ಕೇಳ್ತೀಯಲ್ಲ, ಮಾತಾಡಾಕೆ ಬ್ಯಾರೆ ಏನೂ ಇಲ್ವಾ ನಿನಗೆ?’ ಇಲ್ಲ ಅಕ್ಕ, ಕೇಳುತ್ತಲೇ ಇರುತ್ತೇನೆ ಎಂದೆ.

ಇವತ್ತು ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ, ಯಾವಾಗಿನಿಂದ ಹಾಗನ್ನಿಸುತ್ತಿತ್ತು, ಯಾರಿಗೂ ಯಾಕೆ ಹೇಳಲಿಲ್ಲ ಅಕ್ಕ ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: ‘ಅವರು ಇದ್ದಾಗಿಂದ್ಲೂ ಇತ್ತು. ನಿಮ್ ಮೇಷ್ಟ್ರು ಊರೂರು ತಿರುಗಿ ಎಲ್ಲರ್ನೂ ಕೇಳ್ಕೊಂಡು ಬರ್ತಾರೆ, ಒಂದಿನ ನನ್ನೂ ಕೇಳ್ತಾರೆ ಅನ್ಕೊಂಡು ಸುಮ್ನೆ ಇದ್ದೆ.’

ಮಂಜುಳಾ